ಅರ್ಧ ಇಂಚಿನ ಚರಿತ್ರೆ

ಕಳೆದ ಮಳೆಗಾಲದಲ್ಲಿ ಅಮ್ಮ ಬಿದ್ದು ಬಲಭುಜದ ಮೂಳೆ ಮುರಿದುಕೊಂಡರು. ಪಟ್ಟಿ ಬಿಚ್ಚಿದ ಮೇಲೂ ಕೈ ಹೆಗಲಿಗಿಂತ ಮೇಲಕ್ಕೆ ಏಳಲಿಲ್ಲ. ಚೊಂಬಿನಲ್ಲಿ ನೀರು ಮೊಗೆದು ತಲೆಯ ಮೇಲೆ ಹೊಯ್ದುಕೊಳ್ಳುವುದಕ್ಕೆ ಎಷ್ಟು ಕೀಲುಗಳು ಬೇಕು ಎನ್ನುವುದು ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎರಡು ತಿಂಗಳು ನನ್ನ ಹೆಂಡತಿ ಮೀಯಿಸಿದಳು. ಅಮ್ಮ ಒಂದು ಮಾತೂ ಆಡದೆ ಗೋಡೆ ನೋಡುತ್ತಾ ಕೂತಿರುತ್ತಿದ್ದರಂತೆ. ಒಂದು ದಿನ ಮಾತ್ರ, "ಹುಟ್ಟಿದಾಗ ಬಾಣಂತಿ ಕೋಣೆಯಲ್ಲಿ ಒಬ್ಬರು ಮೀಯಿಸಿದ್ದರು, ಹೋಗುವಾಗ ಒಬ್ಬರು ಮೀಯಿಸ್ತಾರೆ. ನಡುವೆ ಬೇಡವಾಗಿತ್ತು ಮಾರಾಯ" ಎಂದರು.

ಭುಜದ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ ಪರಿಹಾರ ಸೂಚಿಸಿದಳು. ಒಂದು ಪ್ಲಾಸ್ಟಿಕ್ ಸ್ಟೂಲು, ಒಂದು ಹ್ಯಾಂಡ್ ಶವರ್. ಅಂಗಡಿಯವರು ಅದನ್ನು ಇವತ್ತಿಗೂ 'ಟೆಲಿಫೋನ್ ಶವರ್' ಎನ್ನುತ್ತಾರೆ. ಸುರುಳಿ ದಾರದ ಟೆಲಿಫೋನೇ ಮನೆಗಳಿಂದ ಮಾಯವಾಗಿ ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಬಚ್ಚಲಲ್ಲಿ ಉಳಿದುಕೊಂಡಿದೆ. ಹಳೆಯ ಮಿಕ್ಸರ್ ತೆಗೆದು, ಹ್ಯಾಂಡ್ ಶವರ್‌ಗೆ ದಾರಿ ಇರುವ ಹೊಸ ವಾಲ್ ಮಿಕ್ಸರ್ ಹಾಕಿಸಿದೆವು. ಪ್ಲಂಬರ್ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ, "ಆಯ್ತು ಸಾರ್" ಎಂದು ಹೊರಟುಹೋದ. ಮರುದಿನ ಬೆಳಿಗ್ಗೆ ಅಮ್ಮ ಒಳಗಿನಿಂದ ಚಿಲಕ ಹಾಕಿಕೊಂಡು ತಾವೇ ಸ್ನಾನ ಮಾಡಿದರು. ಆ ಚಿಲಕದ ಸದ್ದಿಗೆ ನಾವು ಹೊರಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಾಲ್ಕನೇ ದಿನ ಕೆಳಮನೆಯವರು ಮೇಲೆ ಬಂದರು. ಅವರ ಬಚ್ಚಲಿನ ಚಾವಣಿಯಲ್ಲಿ ತಟ್ಟೆಯಷ್ಟಗಲ ಒದ್ದೆ ಕಲೆ. ಜಗಳವಾಡಲು ಬಂದವರಲ್ಲ, ಆದರೆ ಹೋದ ವರ್ಷವಷ್ಟೇ ಪೇಂಟ್ ಮಾಡಿಸಿದ್ದರು. ಅದೇ ಹೊತ್ತಿಗೆ ನಾನು ಇನ್ನೊಂದನ್ನೂ ಗಮನಿಸಿದ್ದೆ. ಶವರ್ ಬಿಟ್ಟಾಗಲೆಲ್ಲ ಹೋಸ್ ಪೈಪಿನ ನಟ್ಟಿನ ಸಂದಿಯಿಂದ ಸೂಜಿಯಷ್ಟು ಸಣ್ಣ ನೀರಿನ ಎಳೆಯೊಂದು ಎದುರು ಗೋಡೆಗೆ ಚಿಮ್ಮುತ್ತಿತ್ತು. ಪ್ಲಂಬರ್ ಫೋನ್ ಎತ್ತಲಿಲ್ಲ. ಖಾಲಿ ಡಬ್ಬಿಯನ್ನು ಎಸೆಯುವ ಮುನ್ನ ತಲೆಕೆಳಗು ಮಾಡಿ ಕೊಡವಿದಾಗ ಎರಡು ಕಪ್ಪು ರಬ್ಬರ್ ಉಂಗುರಗಳು ನೆಲಕ್ಕೆ ಬಿದ್ದವು. ಈ ಉಂಗುರಗಳ ಜಾಗ ಎಲ್ಲಿ ಎಂದು ಹುಡುಕಹೋದವನು ಮೂರು ವಾರ ಅದರಲ್ಲೇ ಮುಳುಗಿದೆ. ಡಬ್ಬಿಯ ಮೇಲೆ ಅಚ್ಚಾಗಿದ್ದ '1/2 ಇಂಚು' ಎನ್ನುವ ಅಳತೆ ಇಷ್ಟು ದೂರದಿಂದ ಬಂದದ್ದು ಎಂದು ನನಗೆ ಗೊತ್ತಿರಲಿಲ್ಲ.

*

ಶವರಿನ ಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು. 1767ರಲ್ಲಿ ಲಂಡನ್ನಿನ ವಿಲಿಯಂ ಫೀಥಮ್ ಎಂಬ ಒಲೆ ತಯಾರಕ ಯಾಂತ್ರಿಕ ಶವರೊಂದಕ್ಕೆ ಪೇಟೆಂಟ್ ಪಡೆದ. ಕೈಪಂಪಿನಿಂದ ನೀರನ್ನು ಮೇಲಿನ ತೊಟ್ಟಿಗೆ ಏರಿಸಿ, ಸರಪಳಿ ಎಳೆದು ತಲೆಯ ಮೇಲೆ ಸುರಿದುಕೊಳ್ಳುವ ಏರ್ಪಾಡು. ಕೆಳಗೆ ಬಿದ್ದ ನೀರೇ ಮತ್ತೆ ಮೇಲಕ್ಕೆ ಹೋಗುತ್ತಿತ್ತು. ಮಡಿ-ಮೈಲಿಗೆಯ ಮಾತು ಬಿಡಿ, ಬರಿಯ ಅಸಹ್ಯದಿಂದಲೇ ನಮ್ಮವರು ಅದನ್ನು ಮುಟ್ಟುತ್ತಿರಲಿಲ್ಲ.

ಶವರ್ ನಿಜಕ್ಕೂ ಬೆಳೆದದ್ದು ಸೆರೆಮನೆ ಮತ್ತು ಸೈನಿಕರ ಪಾಳೆಯಗಳಲ್ಲಿ. 1872ರ ಸುಮಾರಿಗೆ ಫ್ರಾನ್ಸಿನ ರೂಆಂ ನಗರದ ಸೆರೆಮನೆಯ ವೈದ್ಯ ಮೆರಿ ಡೆಲಬೋಸ್ಟ್ ಕೈದಿಗಳಿಗೆ ತೊಟ್ಟಿ ಸ್ನಾನ ನಿಲ್ಲಿಸಿ ಸಾಮೂಹಿಕ ಶವರ್ ಕಡ್ಡಾಯ ಮಾಡಿದ. ಕಡಿಮೆ ನೀರು, ಕಡಿಮೆ ಸೌದೆ, ಹೆಚ್ಚು ಜನ. ಜರ್ಮನಿಯಲ್ಲಿ ಆಸ್ಕರ್ ಲಾಸರ್ ಎಂಬ ಚರ್ಮರೋಗ ವೈದ್ಯ 1883ರ ಬರ್ಲಿನ್ ನೈರ್ಮಲ್ಯ ಪ್ರದರ್ಶನದಲ್ಲಿ ಬಡವರಿಗಾಗಿ ಸಾರ್ವಜನಿಕ ಶವರ್ ಮನೆಯ ಮಾದರಿ ಕಟ್ಟಿ ತೋರಿಸಿದ. ಪ್ರತಿ ಜರ್ಮನ್ ಪ್ರಜೆಗೂ ವಾರಕ್ಕೊಂದು ಸ್ನಾನ ಸಿಗಬೇಕು ಎಂಬುದು ಅವನ ಘೋಷಣೆ. ವಾರಕ್ಕೊಂದು! ಅದೂ ಒಂದು ದೊಡ್ಡ ಆದರ್ಶವಾಗಿದ್ದ ಕಾಲ.

ಈ ಎಲ್ಲ ಶವರ್‌ಗಳಲ್ಲೂ ಒಂದು ಸಮಾನ ಅಂಶವಿದೆ. ನೀರು ಮೇಲಿನಿಂದ ಬೀಳುತ್ತದೆ, ಕೆಳಗೆ ನಿಂತವನು ಅದಕ್ಕೆ ಮೈಯೊಡ್ಡಬೇಕು. ಎಲ್ಲಿ ಬೀಳಬೇಕು ಎನ್ನುವುದು ಅವನ ಕೈಯಲ್ಲಿಲ್ಲ. ಚೊಂಬಿನಿಂದ ಮೀಯುವವರಿಗೆ ಇದು ವಿಚಿತ್ರವೇ. ಚೊಂಬಿನಲ್ಲಿ ಇವತ್ತು ತಲೆಗೆ ಬೇಡ ಎಂದರೆ ಬೇಡ, ಬೆನ್ನಿಗೆ ಇನ್ನೊಂದು ಎಂದರೆ ಇನ್ನೊಂದು. ಆ ಸ್ವಾತಂತ್ರ್ಯ ಶವರಿಗೆ ಬಂದದ್ದು ಜರ್ಮನಿಯ ಕಪ್ಪು ಕಾಡು ಪ್ರದೇಶದ ಶಿಲ್ಟಾಖ್ ಎಂಬ ಸಣ್ಣ ಊರಿನಿಂದ. ಅಲ್ಲಿ 1901ರಲ್ಲಿ ಹಾನ್ಸ್ ಗ್ರೋಹೆ ಆರಂಭಿಸಿದ ಕಾರ್ಖಾನೆ 1928ರಲ್ಲಿ ಬಿಳಿ ಪಿಂಗಾಣಿ ಹಿಡಿಯ ಹ್ಯಾಂಡ್ ಶವರ್ ಮಾರುಕಟ್ಟೆಗೆ ತಂದಿತು. 1953ರಲ್ಲಿ ಅದೇ ಕಾರ್ಖಾನೆ ಶವರನ್ನು ಮೇಲೆ ಕೆಳಗೆ ಸರಿಸಿ ನಿಲ್ಲಿಸುವ ಗೋಡೆಯ ಸರಳನ್ನೂ ಮಾಡಿತು. ಅಮ್ಮನ ಕೈಗೆ ಬಂದದ್ದು ಈ ಎರಡೂ ಸೇರಿದ್ದರ ಯಾವುದೋ ಮರಿಮೊಮ್ಮಗು.

ಆದರೆ ಶವರ್ ಸೋರುವುದಿಲ್ಲ. ಸೋರುವುದು ಅದನ್ನು ಗೋಡೆಗೆ ಕೂಡಿಸುವ ಜಾಗ. ಅದರ ಕಥೆ ಬೇರೆ, ಮತ್ತು ನನ್ನ ಮಟ್ಟಿಗೆ ಹೆಚ್ಚು ರುಚಿಕರ.

*

ಹೋಸಿನ ನಟ್ಟು ಬಿಚ್ಚಿ, ಅದು ಕೂರುವ ಹಿತ್ತಾಳೆ ಬಾಯಿಯ ಅಗಲವನ್ನು ಮಗಳ ಕಂಪಾಸಿನ ಸ್ಕೇಲಿನಲ್ಲಿ ಅಳೆದೆ. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್ ಇರಬೇಕು. ಇದು ಸುಮಾರು 21 ಬಂತು. ತಪ್ಪು ಅಳೆದೆ ಎಂದುಕೊಂಡು ಮತ್ತೆ ಅಳೆದೆ. ಅಷ್ಟೇ. ಮಾನಕದ ಪ್ರಕಾರ ಅರ್ಧ ಇಂಚಿನ ಪೈಪ್ ಥ್ರೆಡ್ಡಿನ ಹೊರ ಅಳತೆ 20.955 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚಿಗಿಂತಲೂ ಜಾಸ್ತಿ. ಅರ್ಧ ಇಂಚು ಎನ್ನುವ ಅಳತೆ ಈ ವಸ್ತುವಿನ ಮೇಲೆ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಎಲ್ಲಿ ಹೋಯಿತು ಅದು? 19ನೇ ಶತಮಾನದ ಆರಂಭದ ಇಂಗ್ಲೆಂಡಿಗೆ ಹೋಗಬೇಕು. ಬೀದಿಗೂ ಕಾರ್ಖಾನೆಗೂ ಗ್ಯಾಸ್ ದೀಪ ಬಂದ ಕಾಲ. ಗ್ಯಾಸ್ ಹರಿಸಲು ಉದ್ದನೆಯ ಕಬ್ಬಿಣದ ಕೊಳವೆಗಳು ಬೇಕು, ಮಾಡುವ ಸುಲಭದ ವಿಧಾನ ಗೊತ್ತಿಲ್ಲ. ಮೊದಮೊದಲು ಹಳೆಯ ಬಂದೂಕುಗಳ ನಳಿಗೆಗಳನ್ನೇ ಒಂದರ ತುದಿಗೊಂದು ಜೋಡಿಸಿದರು ಎನ್ನುತ್ತಾರೆ. 1825ರಲ್ಲಿ ಕಾರ್ನೀಲಿಯಸ್ ವೈಟ್‌ಹೌಸ್ ಎಂಬಾತ ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಗಂಟೆಯಾಕಾರದ ಅಚ್ಚಿನ ಮೂಲಕ ಎಳೆದು, ಅಂಚಿಗೆ ಅಂಚು ಬೆಸೆದು ಕೊಳವೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಕೊಳವೆ ಅಗ್ಗವಾಯಿತು. ಒಳಗೆ ಎಷ್ಟು ಹರಿಯುತ್ತದೆ ಎನ್ನುವುದೇ ಮುಖ್ಯವಾದ್ದರಿಂದ ಕೊಳವೆಯನ್ನು ಒಳಗಿನ ಅಳತೆಯಿಂದ ಕರೆದರು. ಅರ್ಧ ಇಂಚಿನ ಪೈಪ್ ಎಂದರೆ ಅರ್ಧ ಇಂಚಿನ ತೂತು. ಗೋಡೆ ದಪ್ಪನೆಯ ಕಬ್ಬಿಣವಾದ್ದರಿಂದ ಹೊರಗೆ ಮುಕ್ಕಾಲು ಇಂಚು ದಾಟುತ್ತಿತ್ತು. ತಿರುಪು ಕೊರೆಯುವುದು ಹೊರಮೈಯಲ್ಲಿ. ಮುಂದೆ ಕಬ್ಬಿಣ ಸುಧಾರಿಸಿ ಗೋಡೆ ತೆಳುವಾಯಿತು, ಒಳಗಿನ ತೂತು ಅಗಲವಾಯಿತು. ಹೊರಗಿನ ತಿರುಪನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ, ಮುಟ್ಟಿದರೆ ಊರಲ್ಲಿರುವ ಹಳೆಯ ನಲ್ಲಿಗಳೊಂದೂ ಕೂರುವುದಿಲ್ಲ. ಹೀಗೆ ಒಂದು ಕಾಲದ ದಪ್ಪ ಕಬ್ಬಿಣದ ಪೈಪು ಸತ್ತುಹೋಗಿ, ಅದರ ಹೊರಮೈಯ ನೆನಪು ನಮ್ಮ ಬಚ್ಚಲ ಹಿತ್ತಾಳೆಯಲ್ಲಿ ಉಳಿದಿದೆ. ಈಗ ಗೋಡೆಯೊಳಗೆ ಇರುವುದು ಸಿ.ಪಿ.ವಿ.ಸಿ. ಪ್ಲಾಸ್ಟಿಕ್ ಪೈಪು. ಅದರ ತುದಿಯ ಎಲ್ಬೋ ಒಳಗೆ ಒಂದು ಹಿತ್ತಾಳೆ ಉಂಗುರ ಕೂರಿಸಿ, ಅದರಲ್ಲೂ ಅದೇ ತಿರುಪು ಕೊರೆದಿರುತ್ತಾರೆ.

ತಿರುಪಿನ ಆಕಾರ ಕೊಟ್ಟವನು ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್. ಅವನಿಗೆ ಮೊದಲು ಒಂದೊಂದು ಕಾರ್ಖಾನೆಗೆ ಒಂದೊಂದು ತಿರುಪು. ಒಬ್ಬ ಕಮ್ಮಾರನ ಬೋಲ್ಟಿಗೆ ಇನ್ನೊಬ್ಬನ ನಟ್ಟು ಕೂರುತ್ತಿರಲಿಲ್ಲ. ಯಂತ್ರ ಬಿಚ್ಚುವಾಗ ಯಾವ ನಟ್ಟು ಯಾವ ಬೋಲ್ಟಿನದು ಎಂದು ಗುರುತು ಹಾಕಿಡಬೇಕಿತ್ತು. ವಿಟ್‌ವರ್ತ್ ತನ್ನದೇ ಒಂದು ಆದರ್ಶ ತಿರುಪನ್ನು ಕಲ್ಪಿಸಿಕೊಂಡು ಕೂರಲಿಲ್ಲ. ಇಂಗ್ಲೆಂಡಿನ ಬೇರೆ ಬೇರೆ ಕಾರ್ಖಾನೆಗಳಿಂದ ಬೋಲ್ಟುಗಳನ್ನು ತರಿಸಿ ಅಳೆದ. ಹಲ್ಲುಗಳ ಕೋನದ ಸರಾಸರಿ ತೆಗೆದ. 55 ಡಿಗ್ರಿ ಬಂತು. 1841ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಆ ಪ್ರಬಂಧ ಓದಿದ. ಎಲ್ಲರಿಂದಲೂ ಸ್ವಲ್ಪ ಸ್ವಲ್ಪ ತೆಗೆದುಕೊಂಡದ್ದರಿಂದಲೋ ಏನೋ, ಯಾರಿಗೂ ತೀರಾ ಪರಕೀಯ ಅನ್ನಿಸಲಿಲ್ಲ. ರೈಲು ಕಂಪನಿಗಳು ಒಪ್ಪಿದವು. ಪೈಪುಗಳಿಗೂ ಅದೇ 55 ಡಿಗ್ರಿಯ ಹಲ್ಲು ಬಂತು. ಅರ್ಧ ಇಂಚಿನ ಪೈಪಿಗೆ ಒಂದು ಇಂಚು ಉದ್ದದಲ್ಲಿ 14 ಸುತ್ತು.

ಸಾಮ್ರಾಜ್ಯ ಹೋದಲ್ಲೆಲ್ಲ ತಿರುಪೂ ಹೋಯಿತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು, ಅದರ ಜೊತೆ ಬ್ರಿಟಿಷ್ ನಟ್ಟು ಬೋಲ್ಟುಗಳೂ ಬಂದವು. ಅದೇ 1864ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಸೆಲ್ಲರ್ಸ್ ಎಂಬಾತ, 55 ಡಿಗ್ರಿಯ ಉರುಟು ಹಲ್ಲು ಕೊರೆಯುವುದು ಕಷ್ಟ, 60 ಡಿಗ್ರಿಯ ಚಪ್ಪಟೆ ತಲೆಯ ಹಲ್ಲು ಸುಲಭ ಎಂದು ಬೇರೆ ಪದ್ಧತಿ ಮಂಡಿಸಿದ. ಅಮೆರಿಕ ಆ ದಾರಿ ಹಿಡಿಯಿತು. ಇವೆಲ್ಲ ನಮಗೆ ಯಾಕೆ ಎನ್ನಬೇಡಿ. ಅಮೆರಿಕದಲ್ಲಿರುವ ಮಗಳೋ ಅಳಿಯನೋ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಚೆಂದದ ಶವರ್ ನಮ್ಮ ಗೋಡೆಗೆ ಕೂರದೆ ಅಟ್ಟ ಸೇರಿದ್ದನ್ನು ನಾನೇ ಎರಡು ಮನೆಗಳಲ್ಲಿ ನೋಡಿದ್ದೇನೆ. ಅವರ ಅರ್ಧ ಇಂಚಿಗೂ ಇಂಚಿಗೆ 14 ಸುತ್ತೇ. ಹಾಗಾಗಿ ಒಂದೆರಡು ಸುತ್ತು ಒಳಗೆ ಹೋಗಿ ಆಸೆ ಹುಟ್ಟಿಸುತ್ತದೆ. ಕೋನವೂ ದಪ್ಪವೂ ಬೇರೆಯಾದ್ದರಿಂದ ಆಮೇಲೆ ಬಿಗಿದುಕೊಳ್ಳುತ್ತದೆ. ಪಾನಾ ಹಾಕಿ ಒತ್ತಾಯ ಮಾಡಿದರೆ ಹಲ್ಲು ಹಾಳು. 1864ರ ಜಗಳ ನಮ್ಮ ಬಚ್ಚಲಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

*

ಈಗ ಸೋರಿಕೆಯ ವಿಷಯ. ತಿರುಪು ಎಷ್ಟೇ ಬಿಗಿಯಾಗಿ ಕೂತರೂ ಒಂದು ಹಲ್ಲಿನ ತಲೆ ಮತ್ತು ಇನ್ನೊಂದರ ಕಣಿವೆಯ ನಡುವೆ ಕೂದಲೆಳೆಯಷ್ಟು ಜಾಗ ಉಳಿಯುತ್ತದೆ. ಅದು ಸುರುಳಿಯಾಗಿ ಈ ತುದಿಯಿಂದ ಆ ತುದಿಯವರೆಗೆ ಹೋಗುತ್ತದೆ. ಅಂದರೆ ತಿರುಪು ಎನ್ನುವುದೇ ಒಂದು ಉದ್ದನೆಯ, ಸುತ್ತಿಟ್ಟ ಕಾಲುವೆ. ನೀರಿಗೆ ಬೇಕಾದದ್ದು ಅಷ್ಟೇ.

ಇದನ್ನು ಮುಚ್ಚಲು ಎರಡು ಬೇರೆ ಬೇರೆ ಉಪಾಯಗಳಿವೆ. ಎರಡಕ್ಕೂ ಅರ್ಧ ಇಂಚು ಎಂದೇ ಹೆಸರು ಇರುವುದರಿಂದ ಗೊಂದಲ. ಮೊದಲನೆಯದರಲ್ಲಿ ಒಳಹೋಗುವ ತಿರುಪು ತುದಿಯ ಕಡೆ ಸ್ವಲ್ಪ ಸಣಕಲಾಗಿರುತ್ತದೆ. 16 ಅಂಗುಲ ಉದ್ದಕ್ಕೆ ಒಂದು ಅಂಗುಲದ ಇಳಿಜಾರು, ಕಣ್ಣಿಗೆ ಕಾಣುವುದು ಕಷ್ಟ. ತಿರುಗಿಸಿದಷ್ಟೂ ಬಾಟಲಿಗೆ ಬಿರಡೆ ಕೂತ ಹಾಗೆ ಬಿಗಿಯುತ್ತದೆ, ಉಳಿದ ಸಂದಿಯನ್ನು ಏನಾದರೂ ಮೆತ್ತಗಿನದರಿಂದ ತುಂಬಿಸಬೇಕು. ಒತ್ತಡ ತಡೆಯುವುದು ತಿರುಪೇ. ಭಾರತೀಯ ಮಾನಕಗಳಲ್ಲಿ 554ನೇ ಸಂಖ್ಯೆಯದು ಇದಕ್ಕೆಂದೇ ಇದೆ. ಎರಡನೆಯದರಲ್ಲಿ ತಿರುಪು ನೇರ, ಉದ್ದಕ್ಕೂ ಒಂದೇ ದಪ್ಪ. ಅದರ ಕೆಲಸ ನೀರು ತಡೆಯುವುದಲ್ಲ, ಎರಡು ಸಪಾಟು ಮುಖಗಳನ್ನು ಹತ್ತಿರ ಎಳೆದು ನಡುವಿನ ರಬ್ಬರ್ ವಾಷರನ್ನು ಅದುಮುವುದು. ನೀರು ತಡೆಯುವುದು ವಾಷರ್.

ಹೋಸ್ ಪೈಪಿನ ಎರಡೂ ತುದಿಯ ನಟ್ಟುಗಳು ಈ ಎರಡನೇ ಜಾತಿಯವು. ನಮ್ಮ ಪ್ಲಂಬರ್ ವಾಷರ್‌ಗಳನ್ನು ಡಬ್ಬಿಯಲ್ಲೇ ಬಿಟ್ಟು, ತಿರುಪಿಗೆ ಬಿಳಿ ಟೇಪು ಸುತ್ತಿ, ಪಾನಾದಿಂದ ಜೋರಾಗಿ ಬಿಗಿದಿದ್ದ. ನೇರ ತಿರುಪಿಗೆ ಟೇಪು ಎಷ್ಟು ಸುತ್ತಿದರೂ ಬಿರಡೆಯ ಬಿಗಿ ಬರುವುದಿಲ್ಲ. ಟೇಪನ್ನೆಲ್ಲ ಕಿತ್ತು, ಕಪ್ಪು ಉಂಗುರ ನಟ್ಟಿನೊಳಗೆ ಸಪಾಟಾಗಿ ಕೂರಿಸಿ, ಬರಿಗೈಯಲ್ಲಿ ಬಿಗಿದು, ಬಟ್ಟೆ ಸುತ್ತಿ ಇನ್ನು ಕಾಲು ಸುತ್ತು ತಿರುಗಿಸಿದೆ. ಎದುರು ಗೋಡೆಗೆ ಚಿಮ್ಮುತ್ತಿದ್ದ ಎಳೆ ನಿಂತಿತು. ಐದು ನಿಮಿಷದ ಕೆಲಸ.

ಕೆಳಮನೆಯ ಚಾವಣಿಯ ಕಲೆ ಇದರಿಂದ ಬಂದದ್ದಲ್ಲ ಎನ್ನುವುದು ಮಾತ್ರ ಆಗ ಸ್ಪಷ್ಟವಾಯಿತು. ಹೋಸಿನಲ್ಲಿ ನೀರು ಇರುವುದು ಮಿಕ್ಸರ್ ತೆರೆದಾಗ ಮಾತ್ರ. ಚಾವಣಿ ದಿನವಿಡೀ ಒದ್ದೆಯಾಗುತ್ತಿದೆ ಎಂದರೆ ಸೋರುತ್ತಿರುವುದು ಮಿಕ್ಸರಿನ ಹಿಂದೆ, ಸದಾ ಒತ್ತಡ ಇರುವ ಜಾಗದಲ್ಲಿ. ವಾಲ್ ಮಿಕ್ಸರ್ ಗೋಡೆಗೆ ಕೂರುವುದು ಎರಡು ಸೊಟ್ಟ ಕಾಲುಗಳ ಮೇಲೆ. ಪ್ಲಂಬರುಗಳು 'ಲೆಗ್' ಎನ್ನುತ್ತಾರೆ. ಗೋಡೆಯಲ್ಲಿರುವ ಬಿಸಿನೀರು ತಣ್ಣೀರಿನ ಬಾಯಿಗಳ ಅಂತರ ಹೆಚ್ಚುಕಡಿಮೆ ಇದ್ದರೆ ಈ ಕಾಲುಗಳನ್ನು ತಿರುಗಿಸಿ ಸರಿಹೊಂದಿಸಲಿ ಎಂದೇ ಅವು ಸೊಟ್ಟಗಿರುವುದು. ಗೋಡೆಯೊಳಕ್ಕೆ ಹೋಗುವ ತುದಿ ಮೊದಲ ಜಾತಿಯದು, ಅಲ್ಲಿ ಟೇಪು ಬೇಕೇ ಬೇಕು. ಬಲಗಡೆಯ ಕಾಲು ಬಿಚ್ಚಿ ನೋಡಿದೆ. ಟೇಪೇನೋ ಇತ್ತು, ಆದರೆ ಒಂದು ಕಡೆ ಮುದ್ದೆಗಟ್ಟಿ ಹರಿದಿತ್ತು. ಬಿಗಿಯಾಗಿ ತಿರುಗಿಸಿದ ಮೇಲೆ ಎರಡೂ ಕಾಲು ಒಂದೇ ಮಟ್ಟಕ್ಕೆ ಬರಲಿಲ್ಲವೆಂದು ಅವನು ಅದನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿರಬೇಕು. ನಾನಾದರೂ ಹಾಗೇ ಮಾಡುತ್ತಿದ್ದೆ. ಕಣ್ಣಿಗೆ ಅರ್ಧ ಸೆಂಟಿಮೀಟರಿನ ಸೊಟ್ಟ ಕಾಣುತ್ತದೆ, ಒಳಗೆ ಹರಿದದ್ದು ಕಾಣುವುದಿಲ್ಲ.

ಹಿಂದೆ ಸಣಬಿನ ಎಳೆ ಸುತ್ತುತ್ತಿದ್ದರು. ಅದರ ಮೇಲೆ ಅಗಸೆ ಎಣ್ಣೆಯಲ್ಲಿ ಕಲಸಿದ ಬಿಳಿ ಸಫೇದ ಬಳಿಯುತ್ತಿದ್ದರು. ಸಫೇದ ಎಂದರೆ ಸೀಸದ ಬಿಳುಪು, ವಿಷ. ಹಳೆಯ ಜಿ.ಐ. ಪೈಪಿನ ಕಾಲದ ಪ್ಲಂಬರುಗಳು ಪೈಪನ್ನು ಬಿಗಿಹಿಡಿಗೆ ಸಿಕ್ಕಿಸಿ, ಡೈ ತಿರುಗಿಸಿ ಸ್ಥಳದಲ್ಲೇ ತಿರುಪು ಕೊರೆದು, ತೊಡೆಯ ಮೇಲೆ ಸಣಬು ಹೊಸೆದು ಸುತ್ತುತ್ತಿದ್ದುದನ್ನು ನಾನು ಚಿಕ್ಕವನಾಗಿ ನೋಡಿದ್ದೇನೆ. ಅದರಲ್ಲೊಂದು ಸೌಕರ್ಯವಿತ್ತು. ಸಣಬು ಒದ್ದೆಯಾದರೆ ಉಬ್ಬುತ್ತದೆ. ಮೊದಲ ದಿನ ಒಂದೆರಡು ಹನಿ ಸೋರಿದರೆ, "ನಾಳೆ ತಾನೇ ನಿಲ್ಲುತ್ತೆ ಸ್ವಾಮಿ" ಎಂದು ಹೇಳಿ ಹೋಗುತ್ತಿದ್ದರು, ಬಹಳ ಸಲ ನಿಲ್ಲುತ್ತಲೂ ಇತ್ತು. ಈಗಿನ ಟೇಪಿಗೆ ಆ ಗುಣ ಇಲ್ಲ. ಅದು ಕ್ಷಮಿಸುವುದಿಲ್ಲ.

ಟೇಪು ಬಂದದ್ದು ಒಂದು ಖಾಲಿ ಸಿಲಿಂಡರಿನಿಂದ. 1938ರ ಏಪ್ರಿಲ್ 6ರಂದು ಅಮೆರಿಕದ ನ್ಯೂಜರ್ಸಿಯಲ್ಲಿ ಡ್ಯೂಪಾಂಟ್ ಕಂಪನಿಯ 27 ವರ್ಷದ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್, ಫ್ರಿಜ್ಜುಗಳಿಗೆ ಹೊಸ ಅನಿಲ ಹುಡುಕುತ್ತಾ ಒಂದು ಸಿಲಿಂಡರಿನ ಬಾಯಿ ತೆರೆದ. ಏನೂ ಬರಲಿಲ್ಲ. ತೂಗಿದರೆ ತುಂಬಿದ ಸಿಲಿಂಡರಿನ ಭಾರ. ಗರಗಸದಿಂದ ಕೊಯ್ದು ನೋಡಿದರೆ ಒಳಗೋಡೆಗೆ ಮೇಣದಂಥ ಬಿಳಿ ಪುಡಿ. ಅನಿಲ ತಾನೇ ಸರಪಣಿ ಕಟ್ಟಿಕೊಂಡು ಘನವಾಗಿತ್ತು. ಯಾವ ಆಮ್ಲಕ್ಕೂ ಕರಗದ, ಯಾವುದಕ್ಕೂ ಅಂಟದ ಆ ವಸ್ತುವೇ ಟೆಫ್ಲಾನ್. ಮೊದಲ ದೊಡ್ಡ ಬಳಕೆ ಅಣುಬಾಂಬ್ ಯೋಜನೆಯಲ್ಲಿ. ಯುರೇನಿಯಂ ಬೇರ್ಪಡಿಸುವಾಗ ಬಳಸುವ, ಎದುರಿಗೆ ಸಿಕ್ಕಿದ್ದನ್ನೆಲ್ಲ ತಿನ್ನುವ ಅನಿಲ ಸೋರದಂತೆ ಕೊಳವೆಗಳ ಸಂದಿಗಳಲ್ಲಿ ಇದನ್ನು ಹಾಕಿದರು. ಅಲ್ಲಿಂದ ದೋಸೆ ಕಾವಲಿಗೆ ಬಂದ ಕಥೆ ಎಲ್ಲರಿಗೂ ಗೊತ್ತು. ಕೊಳಾಯಿಯ ಟೇಪಾಗಿ ಬಂದದ್ದು ಯಾಕೋ ಅಷ್ಟು ಪ್ರಸಿದ್ಧವಲ್ಲ.

ಹೆಸರು ಟೇಪ್ ಆದರೂ ಅದರಲ್ಲಿ ಅಂಟಿಲ್ಲ ಎನ್ನುವುದೇ ಮುಖ್ಯ. ಅದು ಜಾರುತ್ತದೆ. ಜಾರುವುದರಿಂದ ತಿರುಪು ಇನ್ನೂ ಒಂದು ಸುತ್ತು ಒಳಗೆ ಹೋಗುತ್ತದೆ, ಹೋಗುವಾಗ ಟೇಪು ಹಿಸುಕಿಕೊಂಡು ಆ ಸುರುಳಿ ಕಾಲುವೆಯನ್ನು ತುಂಬುತ್ತದೆ. ಸುತ್ತುವ ದಿಕ್ಕು ಅದಕ್ಕೇ ಮುಖ್ಯ. ತಿರುಪಿನ ತುದಿಯನ್ನು ನಮ್ಮ ಕಡೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ, ಎಳೆದು ಬಿಗಿಯಾಗಿ ಸುತ್ತಬೇಕು. ಉಲ್ಟಾ ಸುತ್ತಿದರೆ ಒಳಗೆ ತಿರುಗಿಸುವಾಗ ಬಿಚ್ಚಿಕೊಂಡು ಹೊರಗೆ ಗೊಂಚಲಾಗುತ್ತದೆ. ತುದಿಯ ಮೊದಲ ಹಲ್ಲು ಖಾಲಿ ಬಿಟ್ಟರೆ ಟೇಪಿನ ಚೂರು ನೀರಿಗೆ ಬಿದ್ದು ಶವರಿನ ತೂತು ಕಟ್ಟುವುದಿಲ್ಲ. ನಮ್ಮಲ್ಲಿ ಸಿಗುವ ಟೇಪು ತೀರಾ ತೆಳು, ಹತ್ತು ಹನ್ನೆರಡು ಸುತ್ತು ಬೇಕಾಯಿತು. ಇನ್ನು ಬಿಗಿದ ಮೇಲೆ ಹಿಂದಕ್ಕೆ ತಿರುಗಿಸಬಾರದು. ಮಟ್ಟಕ್ಕೆ ಬರಲಿಲ್ಲವೆಂದರೆ ಮುಂದಕ್ಕೇ ಸ್ವಲ್ಪ ತಿರುಗಿಸಿ ನೋಡಬೇಕು. ಅಷ್ಟು ಜಾಗ ಇಲ್ಲವೆಂದರೆ ಪೂರ್ತಿ ಬಿಚ್ಚಿ, ಹಳೆಯದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆದು, ಹೊಸದು ಸುತ್ತಿ ಮೊದಲಿನಿಂದ ಶುರು. ಬಲವಿದೆಯೆಂದು ಪೈಪ್ ರೆಂಚಿನ ತುದಿಗೆ ನೇತಾಡಿದರೆ ಗೋಡೆಯೊಳಗಿನ ಪ್ಲಾಸ್ಟಿಕ್ ಎಲ್ಬೋ ಬಿರುಕು ಬಿಡುತ್ತದೆ. ಆಮೇಲೆ ಟೈಲ್ಸ್ ಒಡೆಯುವುದೇ ದಾರಿ. ನಾನು ಮೂರು ಸಲ ಬಿಚ್ಚಿ ಹಾಕಿದೆ.

*

ಗೇಟ್ ವಾಲ್ವ್ ಮುಚ್ಚಲು ತಾರಸಿಗೆ ಹೋದಾಗಲೆಲ್ಲ ಕಪ್ಪು ಟ್ಯಾಂಕಿನ ಪಕ್ಕ ನಿಂತು ಲೆಕ್ಕ ಹಾಕುತ್ತಿದ್ದೆ. ಟ್ಯಾಂಕಿನ ತಳದಿಂದ ಅಮ್ಮನ ಶವರಿಗೆ ಸುಮಾರು ಮೂರು ಮೀಟರ್ ಇಳಿತ. ಹತ್ತು ಮೀಟರ್ ನೀರಿನ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ಅಂದರೆ ನಮ್ಮದು 0.3 ಬಾರ್. ಇಷ್ಟು ಕಡಿಮೆ ಒತ್ತಡದಲ್ಲಿ, ನೇರ ಮುಖ್ಯ ಕೊಳವೆಯ ಒತ್ತಡಕ್ಕೆಂದು ಮಾಡಿದ ಯೂರೋಪಿನ ಶವರ್‌ಗಳು ಮೂಗು ಸೋರಿದ ಹಾಗೆ ಸೋರುತ್ತವೆ. ನಾವು ತಂದದ್ದೂ ಹಾಗೇ ಇತ್ತು. ಅಮ್ಮ ಮೊದಲ ದಿನವೇ, "ತುಳಸಿಗೆ ಪ್ರೋಕ್ಷಣೆ ಮಾಡಿದ ಹಾಗಿದೆ" ಎಂದಿದ್ದರು. ಹಿಡಿಯೊಳಗೆ ನೀರು ಕಡಿಮೆ ಮಾಡಲು ಇಟ್ಟಿದ್ದ ಒಂದು ಸಣ್ಣ ಬಿಲ್ಲೆ ತೆಗೆದ ಮೇಲೆ ಸ್ವಲ್ಪ ಧಾರೆ ಬಂತು.

ನೀರನ್ನು ಎತ್ತರದಲ್ಲಿಟ್ಟು ಇಳಿಸುವುದು ಈ ನೆಲಕ್ಕೆ ಹೊಸದಲ್ಲ. ವಿಜಯಪುರದ ಆದಿಲ್‌ಶಾಹಿಗಳು ತೊರವಿಯಿಂದಲೂ, 17ನೇ ಶತಮಾನದಲ್ಲಿ ಬೇಗಂ ತಲಾಬಿನಿಂದಲೂ ಊರಿಗೆ ನೀರು ತಂದರು. ಸುರಂಗಗಳು, ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳು. ಮಣ್ಣಿನ ಕೊಳವೆಗೆ ತಿರುಪು ಕೊರೆಯಲಾಗದು, ಒತ್ತಡ ಹೆಚ್ಚಾದರೆ ಸಂದಿ ಬಿಡುತ್ತದೆ ಅಥವಾ ಕೊಳವೆಯೇ ಒಡೆಯುತ್ತದೆ. ಅದಕ್ಕವರು ದಾರಿಯುದ್ದಕ್ಕೂ 'ಗಂಜ್' ಎಂಬ ಎತ್ತರದ ಗೋಪುರಗಳನ್ನು ಕಟ್ಟಿದರು. ಕೊಳವೆಯ ನೀರು ಗೋಪುರದೊಳಗೆ ಮೇಲೇರಿ, ಒತ್ತಡ ಕಳೆದುಕೊಂಡು, ಮತ್ತೆ ಇಳಿದು ಮುಂದೆ ಹೋಗುತ್ತಿತ್ತು. ಊರಿನಲ್ಲಿ ಕೆಲವು ಈಗಲೂ ನಿಂತಿವೆ, ಗೋಳಗುಮ್ಮಟ ನೋಡಿ ಬರುವವರು ಅವುಗಳ ಪಕ್ಕದಲ್ಲೇ ಹಾದುಹೋಗುತ್ತಾರೆ. ಸೋರುವ ಸಂದಿಯನ್ನು ಇನ್ನಷ್ಟು ಬಿಗಿಯುವ ಬದಲು ಒತ್ತಡವನ್ನೇ ತಗ್ಗಿಸಿದ ಆ ಎಂಜಿನಿಯರುಗಳ ಬಗ್ಗೆ ನನಗೆ ವಿಟ್‌ವರ್ತನಿಗಿಂತ ಒಂದು ಗುಲಗಂಜಿ ಹೆಚ್ಚು ಗೌರವ.

ಬೆಂಗಳೂರಿಗೆ ಕೊಳವೆ ನೀರು ಬಂದದ್ದು ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1896ರಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ. ಅಲ್ಲಿಯವರೆಗೆ ಕೆರೆ, ಬಾವಿ, ಕಲ್ಯಾಣಿ. ಹೆಸರಘಟ್ಟ ಸಾಲದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ. ಅದೂ ಸಾಲದಾಗ 1974ರಲ್ಲಿ ಕಾವೇರಿ. ಈಗ ನನ್ನ ತಾರಸಿಯ ಟ್ಯಾಂಕಿಗೆ ಬರುವ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪಾಗಿ ಬಂದದ್ದು. 2024ರ ಮಾರ್ಚ್‌ನಲ್ಲಿ ಊರೆಲ್ಲ ಟ್ಯಾಂಕರಿಗೆ ಕಾಯುತ್ತಿದ್ದಾಗ ಜಲಮಂಡಳಿ ಹೋಟೆಲು, ಮಾಲುಗಳ ನಲ್ಲಿಗೆ ಏರೇಟರ್ ಕಡ್ಡಾಯ ಮಾಡಿತ್ತು. ನಾನು ಅಮ್ಮನ ಶವರಿನಿಂದ ಕಿತ್ತು ತೆಗೆದ ಆ ಬಿಲ್ಲೆಯೂ ಅದೇ ಕುಲದ್ದು. ಅಳುಕು ಇಲ್ಲದಿಲ್ಲ. ಗೋಡೆಯೊಳಗೆ ಸೆಕೆಂಡಿಗೊಂದು ದಪ್ಪ ಹನಿ ಸೋರಿದರೆ ದಿನಕ್ಕೆ 86,400 ಹನಿ. ನಾಲ್ಕೈದು ಹನಿಗೆ ಒಂದು ಮಿಲಿಲೀಟರ್ ಎಂದರೂ ಹದಿನೇಳರಿಂದ ಇಪ್ಪತ್ತೆರಡು ಲೀಟರ್, ಹೆಚ್ಚುಕಡಿಮೆ ಒಂದು ಬಕೆಟ್. ಅಮ್ಮನ ಒಂದು ಸ್ನಾನ ದಿನಾ ಕೆಳಮನೆಯವರ ಚಾವಣಿಗೆ ಹೋಗುತ್ತಿತ್ತು ಎನ್ನಿ.

ಈ ಲೆಕ್ಕವನ್ನು ಅಮ್ಮನಿಗೆ ಹೇಳಿದಾಗ ಅವರಿಗೆ ನೆನಪಾದದ್ದು ಬೇರೆ. ತೀರ್ಥಹಳ್ಳಿ ಕಡೆಯ ಅವರ ತವರಿನಲ್ಲಿ ಗುಡ್ಡದ ಅಬ್ಬಿ ನೀರು ಅಡಿಕೆ ಮರ ಸೀಳಿದ ದಬ್ಬೆಗಳಲ್ಲಿ ಹರಿದು ಬಚ್ಚಲ ಹಂಡೆಗೆ ಬೀಳುತ್ತಿತ್ತು. ದಬ್ಬೆಯ ಮೇಲೆ ದಬ್ಬೆ ಇಟ್ಟ ಕಡೆಯೆಲ್ಲ ಸೋರುತ್ತಿತ್ತು. ಸೋರಿದಲ್ಲೆಲ್ಲ ಕೆಸು ಬೆಳೆಯುತ್ತಿತ್ತು. "ಪತ್ರೊಡೆಗೆ ಎಲೆ ಬೇಕು ಅಂದ್ರೆ ದಬ್ಬೆ ಸಾಲು ಹಿಡಿದು ಹೋದರೆ ಸೈ. ಸೋರ್ತದೆ ಅಂತ ಯಾರೂ ಬೈದಿದ್ದು ನೆನಪಿಲ್ಲ" ಎಂದರು. ಮದುವೆಯಾಗಿ ಬಂದ ಬಯಲುಸೀಮೆಯ ಮನೆಯಲ್ಲಿ ಅಬ್ಬಿ ಇರಲಿಲ್ಲ. ಮೂವತ್ತು ಮೊಳದ ಬಾವಿ ಇತ್ತು. ಮನೆಯ ಒಂಬತ್ತು ಜನರ ಸ್ನಾನದ ನೀರು ಅವರೂ ನಮ್ಮ ದೊಡ್ಡಮ್ಮನೂ ಸೇದಿದ್ದು. ಈಗ ಮೇಲೇಳದ ಆ ಬಲಗೈಯಲ್ಲೇ.

*

ಮೂರನೇ ಸಲ ಬಿಗಿದ ರಾತ್ರಿ, ಮಿಕ್ಸರಿನ ಕಾಲುಗಳ ಸುತ್ತ ಟಿಶ್ಯೂ ಕಾಗದ ಸುತ್ತಿ, ಕೆಳಗೆ ಒಂದು ಹಾಳೆ ದಿನಪತ್ರಿಕೆ ಹಾಸಿ, ಗೇಟ್ ವಾಲ್ವ್ ತೆರೆದು ಮಲಗಿದೆ. ಕಾಲುಗಳ ಬುಡದ ಮುಚ್ಚಳ, ಆ ಚೆಂದದ ಫ್ಲ್ಯಾಂಜುಗಳನ್ನು ಬೇಕೆಂದೇ ಹಾಕಿರಲಿಲ್ಲ. ಅವು ಇದ್ದರೆ ಸೋರಿದ್ದು ಕಾಣುವುದಿಲ್ಲ, ಗೋಡೆಯ ಒಳಗೆ ಇಳಿಯುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಬ್ಯಾಟರಿ ಹಿಡಿದು ಮುಟ್ಟಿ ನೋಡಿದೆ. ಟಿಶ್ಯೂ ಗರಿಗರಿ ಇತ್ತು. ಎರಡು ದಿನ ಹಾಗೇ ಬಿಟ್ಟು ಆಮೇಲೆ ಫ್ಲ್ಯಾಂಜ್ ಕೂರಿಸಿದೆ. ಕೆಳಮನೆಯ ಕಲೆ ಒಣಗಲು ತಿಂಗಳು ಹಿಡಿಯಿತು. ಅಂಚಿನಲ್ಲಿ ಉಳಿದ ಕಂದು ಗೆರೆಗೆ ಪೇಂಟಿನ ಖರ್ಚು ನಮ್ಮದು ಎಂದೆ, ಅವರು ಬೇಡವೆಂದರು, ಕೊನೆಗೆ ಅರ್ಧ ತೆಗೆದುಕೊಂಡರು. ಪ್ಲಂಬರ್ ಒಂದು ದಿನ ತಾನಾಗೇ ಫೋನ್ ಮಾಡಿದ. ಊರಿಗೆ ಹೋಗಿದ್ದನಂತೆ. ವಾಷರಿನ ವಿಷಯ ಹೇಳಿದೆ. "ಟೇಪ್ ಹಾಕಿದ್ರೆ ಇನ್ನೂ ಗ್ಯಾರಂಟಿ ಅಂತ ಹಾಕಿದ್ದು ಸಾರ್" ಎಂದ. ನನಗೆ ಕೋಪ ಬರಲಿಲ್ಲ. ಎರಡು ಥರದ ಅರ್ಧ ಇಂಚು ಇದೆಯೆಂದು ಅವನಿಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ, ಡಬ್ಬಿಯ ಮೇಲೂ ಬರೆದಿಲ್ಲ.

ದೀಪಾವಳಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬ. ಅಮ್ಮನ ತವರಿನಲ್ಲಾದರೆ ಬಚ್ಚಲೊಲೆ ಸಾರಿಸಿ, ಹಂಡೆ ತಿಕ್ಕಿ ಸುಣ್ಣದ ಗೆರೆ ಬಳಿದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಕಟ್ಟುತ್ತಿದ್ದರು. ಇಲ್ಲಿ ಪ್ರತಿವರ್ಷ ಗೀಸರಿಗೆ ಒಂದು ಕುಂಕುಮದ ಬೊಟ್ಟು, ಬಕೆಟ್ಟಿಗೆ ಒಂದು ಚೆಂಡುಹೂ, ಅಷ್ಟೇ. ಈ ಸಲ ಅಮ್ಮ ಎಡಗೈಯಲ್ಲಿ ಒಂದು ಮಾರು ಚೆಂಡುಹೂ ಮಾಲೆ ತಂದು ಶವರಿನ ಹೋಸಿಗೆ ಸುತ್ತು ಅಂದರು. ಹೂವಿನ ದಾರ ನಟ್ಟಿಗೆ ಸಿಕ್ಕಿಕೊಂಡೀತು ಎಂದೆ. "ಸಿಕ್ಕಿಕೊಂಡರೆ ಬಿಡಿಸಿದರಾಯ್ತು, ನಿಂಗೀಗ ಬರ್ತದಲ್ಲ" ಎಂದರು. ಮರುದಿನ ಬೆಳಿಗ್ಗೆ ನಾಲ್ಕೂವರೆಗೆ ನೆತ್ತಿಗೆ ಎಣ್ಣೆ ಮಾತ್ರ ಸೊಸೆಯ ಕೈಲಿ ಹಚ್ಚಿಸಿಕೊಂಡು, ಸೀಗೆಪುಡಿಯ ಬಟ್ಟಲು ಹಿಡಿದು ಒಳಗೆ ಹೋಗಿ ಚಿಲಕ ಹಾಕಿಕೊಂಡರು.